ಹಳೆ ಅಮೆರಿಕನ್ ಕಾರಿಗೆ ಬೇರೆ ಕಾರಿನ ಸೀಟ್ ಕೂರಿಸುವುದು ಹೇಗೆ

ಕ್ಯಾಮರೋ ಸೀಟ್ ನೋವಾ ಕಾರಿಗೆ ಆಗುತ್ತಾ? ಶೆವೆಲ್ ಸೀಟ್ ಫೈರ್‌ಬರ್ಡ್‌ಗೆ? ಚಾರ್ಜರ್ ಸೀಟ್ ಡಸ್ಟರ್‌ಗೆ? ಅಮೆರಿಕದಲ್ಲಿ ಹಳೆ ಕಾರಿನ ಹುಚ್ಚು ಹಿಡಿಸಿಕೊಂಡ ಯಾರನ್ನೇ ಕೇಳಿ, ಒಬ್ಬರು ಹೌದು ಅನ್ನುತ್ತಾರೆ, ಇನ್ನೊಬ್ಬರು ಇಲ್ಲವೇ ಇಲ್ಲ ಅನ್ನುತ್ತಾರೆ. ಇಬ್ಬರೂ ಸರಿಯೇ. ಯಾಕೆಂದರೆ ನಾವು ಸೀಟ್ ಅಂತ ಒಂದೇ ಮಾತಲ್ಲಿ ಹೇಳುವುದರಲ್ಲಿ ಮೂರು ಸಂಗತಿ ಇವೆ. ಮೇಲೆ ಫ್ರೇಮ್, ಸ್ಪ್ರಿಂಗ್, ಫೋಮ್, ಕವರ್. ಅದರ ಕೆಳಗೆ ಹಿಂದೆ ಮುಂದೆ ಜಾರುವ ಟ್ರ್ಯಾಕ್. ಅದರ ಕೆಳಗೆ ಕಾರಿನ ನೆಲ ಮತ್ತು ಬೋಲ್ಟ್ ಹೋಗುವ ತೂತುಗಳು. ಮೇಲಿನ ಭಾಗವನ್ನು ಕಂಪನಿಗಳು ಒಂದೇ ಸಲ ಡಿಸೈನ್ ಮಾಡಿ ಎಷ್ಟೋ ಮಾಡೆಲ್‌ಗೆ ಬಳಸಿದವು. ನೆಲ ಮಾತ್ರ ಒಂದೊಂದು ಕಾರಿಗೆ ಒಂದೊಂದು ತರ. ಟ್ರ್ಯಾಕ್‌ನ ಕಾಲುಗಳು ಆ ನೆಲಕ್ಕೆ ತಕ್ಕ ಹಾಗೆ ಉದ್ದ, ಗಿಡ್ಡ, ಸೊಟ್ಟ ಆಗಿರುತ್ತವೆ.

ಹಾಗಾಗಿ ಗುಜರಿ ಯಾರ್ಡ್‌ಗೆ ಹೋದಾಗ ಸೀಟ್‌ನ ಕವರ್ ನೋಡಿ ಮರುಳಾಗಬೇಡಿ, ಬಗ್ಗಿ ಕೆಳಗೆ ನೋಡಿ. ಹರಿದ ಕವರ್, ಪುಡಿಯಾದ ಫೋಮ್ ಎಲ್ಲ ಹೊಸದು ಸಿಗುತ್ತದೆ. ನಿಮ್ಮ ಕಾರಿನ ಟ್ರ್ಯಾಕ್ ನಿಮ್ಮ ಹತ್ತಿರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಯಾವ ಮನೆತನದ ಕಾರು?

ಅಮೆರಿಕನ್ ಕಂಪನಿಗಳು ಕಾರಿನ ಬಾಡಿಗೆ ಅಕ್ಷರದ ಹೆಸರು ಕೊಟ್ಟಿದ್ದವು. ಜನರಲ್ ಮೋಟರ್ಸ್‌ನಲ್ಲಿ 1964ರಿಂದ 1972ರ ಶೆವೆಲ್, ಪಾಂಟಿಯಾಕ್ ಜಿಟಿಒ, ಓಲ್ಡ್ಸ್‌ಮೊಬೈಲ್ ಕಟ್ಲಸ್, ಬ್ಯೂಕ್ ಸ್ಕೈಲಾರ್ಕ್ ಎಲ್ಲ ಎ-ಬಾಡಿ. 1967ರಿಂದ ಬಂದ ಕ್ಯಾಮರೋ ಮತ್ತು ಫೈರ್‌ಬರ್ಡ್ ಎಫ್-ಬಾಡಿ. ನೋವಾ ಎಕ್ಸ್-ಬಾಡಿ. ಒಂದು ಎಚ್ಚರಿಕೆ: ಕ್ರೈಸ್ಲರ್ ಕೂಡ ಎ-ಬಾಡಿ ಅಂತಲೇ ಕರೆಯುತ್ತಿತ್ತು, ಆದರೆ ಅಲ್ಲಿ ಅದರ ಅರ್ಥ ಡಾರ್ಟ್, ವೇಲಿಯಂಟ್, ಡಸ್ಟರ್. ಜಾಹೀರಾತಿನಲ್ಲಿ ಸುಮ್ನೆ ‘ಎ-ಬಾಡಿ ಬಕೆಟ್ ಸೀಟ್’ (ಬಕೆಟ್ ಅಂದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಇರುವ ಸೀಟ್) ಅಂತ ಬರೆದಿದ್ದರೆ ಯಾವ ಕಂಪನಿಯದ್ದು ಅಂತ ಮೊದಲು ಕೇಳಿ, ಆಮೇಲೆ ದುಡ್ಡಿನ ಮಾತು.

ಜನರಲ್ ಮೋಟರ್ಸ್‌ನವರ ಸೀಟ್ ಹಂಚಿಕೆ ಎಲ್ಲಕ್ಕಿಂತ ಧಾರಾಳ. ಅವರ ಎಲ್ಲ ಬ್ರ್ಯಾಂಡ್‌ಗಳ ಬಾಡಿಯನ್ನೂ ಫಿಶರ್ ಬಾಡಿ ಅನ್ನುವ ಒಂದೇ ವಿಭಾಗ ಮಾಡುತ್ತಿತ್ತು, ಅದಕ್ಕೇ ಶೆವರ್ಲೆ ಸೀಟ್‌ಗೂ ಪಾಂಟಿಯಾಕ್ ಸೀಟ್‌ಗೂ ಒಳಗಿನ ಅಸ್ಥಿಪಂಜರ ಬಹಳ ಸಲ ಒಂದೇ. 1966ರ ಸುಮಾರಿಗೆ ಬಂದ ಸ್ಟ್ರಾಟೋ-ಬಕೆಟ್ ಅನ್ನುವ ಸೀಟ್ 1970ರ ದಶಕದ ಶುರುವಿನವರೆಗೂ ಎ, ಎಫ್, ಎಕ್ಸ್ ಮೂರರಲ್ಲೂ ಓಡಾಡಿತು. ಶೆವೆಲ್‌ನಿಂದ ತೆಗೆದ ಸ್ಟ್ರಾಟೋ-ಬಕೆಟ್ ಅನ್ನು ಕ್ಯಾಮರೋಗೆ ಹಾಕಬೇಕಾ? ಶೆವೆಲ್ ಟ್ರ್ಯಾಕ್ ಬಿಚ್ಚಿ, ಕ್ಯಾಮರೋ ಟ್ರ್ಯಾಕ್ ಅದರ ಅಡಿಗೆ ಹಾಕಿ. ಸಾಮಾನ್ಯವಾಗಿ ಅಷ್ಟೇ ಕೆಲಸ. ಟ್ರ್ಯಾಕ್ ಸಮೇತ ಹಾಗೇ ಇಡಲು ಹೋದರೆ ಮುಂದಿನ ಕಾಲು ಗಾಳಿಯಲ್ಲಿ ನೇತಾಡಬಹುದು, ಇಲ್ಲವೇ ಸೀಟ್ ಒಂದು ಕಡೆಗೆ ವಾಲಬಹುದು.

ಆದರೆ ಇಲ್ಲೂ ವರ್ಷ ನೋಡಬೇಕು. 1969ರ ಜನವರಿ 1ರಿಂದ ಅಮೆರಿಕದಲ್ಲಿ ಹೊಸ ಕಾರುಗಳ ಮುಂದಿನ ಸೀಟ್‌ಗೆ ತಲೆ ಆನಿಸುವ ಹೆಡ್‌ರೆಸ್ಟ್ ಕಡ್ಡಾಯ ಆಯಿತು. ಕಾರಿನ ಮಾಡೆಲ್ ವರ್ಷ ಅದಕ್ಕಿಂತ ಕೆಲವು ತಿಂಗಳು ಮೊದಲೇ ಶುರುವಾಗುತ್ತದಲ್ವಾ? ಅದಕ್ಕೇ 1968ರ ಕೊನೆಯಲ್ಲಿ ಫ್ಯಾಕ್ಟರಿ ಬಿಟ್ಟ 1969ರ ಮಾಡೆಲ್ ಕ್ಯಾಮರೋಗಳಲ್ಲಿ ಹೆಡ್‌ರೆಸ್ಟ್ ಇಲ್ಲದವೂ ಇವೆ, ಅದೇ ಮಾಡೆಲ್‌ನ ನಂತರದ ಕಾರುಗಳಲ್ಲಿ ಇದೆ. ‘69ರದ್ದು’ ಅಂದ ಮಾತ್ರಕ್ಕೆ ನಂಬಬೇಡಿ, ಫೋಟೋ ಕೇಳಿ.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ, ಆದರೆ ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. 1968ರಿಂದ, ಮುಂದಕ್ಕೆ ಮಡಚುವ ಸೀಟಿನ ಬೆನ್ನುಗಳಿಗೆ ತಾನಾಗಿ ಬೀಳುವ ಲಾಕ್ ಬೇಕು ಅಂತ ಆಯಿತು. ಅದಕ್ಕೆ ಮೊದಲಿನ ಎರಡು ಬಾಗಿಲ ಕಾರುಗಳಲ್ಲಿ ಸೀಟಿನ ಬೆನ್ನು ಸುಮ್ನೆ ಹಿಂಜ್ ಮೇಲೆ ನಿಂತಿರುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಮುಂದಕ್ಕೆ ಬೀಳುತ್ತದೆ, ನಿಮ್ಮ ಬೆನ್ನಿನ ಮೇಲೇ. 1966ರ ಸೀಟ್ ನೋಡಲು ಎಷ್ಟೇ ಚಂದ ಇದ್ದರೂ 1970ರ ಕಾರಿಗೆ ಅದನ್ನು ಹಾಕುವುದು ಹಿಂದಕ್ಕೆ ನಡೆದ ಹಾಗೆ. ಹಿಂದೆ ಮಕ್ಕಳು ಕೂರುವ ಕಾರಾದರೆ ನಾನಂತೂ ಬೇಡ ಅನ್ನುತ್ತೇನೆ.

ಎರಡನೇ ತಲೆಮಾರಿನ ಕ್ಯಾಮರೋದಲ್ಲೂ ಒಂದು ಬಲೆ ಇದೆ. 1970ರದ್ದಕ್ಕೆ ಗಿಡ್ಡ ಬೆನ್ನು, ಬೇರೆಯಾಗಿ ಎತ್ತುವ ಹೆಡ್‌ರೆಸ್ಟ್. 1971ಕ್ಕೆ ಉದ್ದ ಬೆನ್ನಿನ ಸೀಟ್ ಬಂತು. ಹಾಗಾಗಿ 1970ರ ಕವರ್, ಫೋಮ್ ಹುಡುಕುವವರು 1971ರದ್ದನ್ನು ಕೊಂಡರೆ ದುಡ್ಡು ದಂಡ.

1973ರಿಂದ 1977ರ ಶೆವೆಲ್, ಮಾಂಟೆ ಕಾರ್ಲೊ ಕಾರುಗಳಲ್ಲಿ ಬಾಗಿಲ ಕಡೆಗೆ ತಿರುಗುವ ಬಕೆಟ್ ಸೀಟ್ ಸಿಗುತ್ತಿತ್ತು. ಇಳಿಯುವಾಗ ಸೀಟನ್ನೇ ಹೊರಗಡೆ ತಿರುಗಿಸಿ ಕಾಲು ಕೆಳಗಿಡಬಹುದು. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕೂರಿಸಲು ಇದಕ್ಕಿಂತ ಒಳ್ಳೆ ಸೀಟ್ ಇಲ್ಲ. ಹಳೆ ಶೆವೆಲ್, ಪಿಕಪ್‌ಗಳಿಗೆ ಜನ ಇದನ್ನು ಹಾಕುತ್ತಾರೆ. ತೂಕ ಜಾಸ್ತಿ, ಕೆಳಗಿನ ಪೀಠವೂ ಎತ್ತರ, ತಲೆ ಮೇಲೆ ಜಾಗ ಕಡಿಮೆ ಇರುವ ಕಾರಿಗೆ ಯೋಚಿಸಿ ಹಾಕಿ.

ಫೋರ್ಡ್ ಕತೆ ಬೇರೆ. ಮಸ್ಟ್ಯಾಂಗ್ ಹುಟ್ಟಿದ್ದೇ ಫಾಲ್ಕನ್ ಅನ್ನುವ ಸಣ್ಣ ಕಾರಿನ ಅಡಿಪಾಯದ ಮೇಲೆ, 1967ರ ಮರ್ಕ್ಯುರಿ ಕೂಗರ್ ಹುಟ್ಟಿದ್ದು ಮಸ್ಟ್ಯಾಂಗ್ ಮೇಲೆ. ಹಾಗಾಗಿ 1960ರ ದಶಕದ ಈ ಕಾರುಗಳ ಮಧ್ಯೆ ಬಕೆಟ್ ಸೀಟ್ ಅದಲು ಬದಲು ಮಾಡುವುದು ದೊಡ್ಡ ತಲೆನೋವಲ್ಲ, ಟ್ರ್ಯಾಕ್ ನಿಮ್ಮದೇ ಇಟ್ಟುಕೊಂಡರೆ. ಮಸ್ಟ್ಯಾಂಗ್ ಸೀಟ್ ಬಿಚ್ಚಲು ಮೊದಲ ಸಲ ಹೋದವರಿಗೆ ಬೋಲ್ಟ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಟ್ರ್ಯಾಕ್‌ನಿಂದ ಹೊರಟ ಸ್ಟಡ್‌ಗಳು ನೆಲದ ಮೂಲಕ ಕೆಳಕ್ಕೆ ಇಳಿದಿರುತ್ತವೆ, ನಟ್ ಇರುವುದು ಕಾರಿನ ಅಡಿಯಲ್ಲಿ, ರಬ್ಬರ್ ಬಿರಡೆಗಳ ಹಿಂದೆ. ಜಾಕ್ ಸ್ಟ್ಯಾಂಡ್ ಮೇಲೆ ಕಾರ್ ನಿಲ್ಲಿಸಿ, ಬಿರಡೆ ಕಿತ್ತು, ಉದ್ದದ ಎಕ್ಸ್‌ಟೆನ್ಷನ್ ಹಾಕಿದ ಸಾಕೆಟ್‌ನಿಂದ ಬಿಚ್ಚಬೇಕು. ಐವತ್ತು ಅರವತ್ತು ವರ್ಷದ ತುಕ್ಕು ಇರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಡಿ. ಸ್ಟಡ್ ಮುರಿದರೆ ಟ್ರ್ಯಾಕ್ ಹೋಯಿತು ಅಂತಲೇ ಲೆಕ್ಕ.

1964ರಲ್ಲಿ ಬಂದ ಮೊದಲ ಮಸ್ಟ್ಯಾಂಗ್‌ಗಳಲ್ಲಿ ಡ್ರೈವರ್ ಪಕ್ಕದ ಸೀಟ್ ಹಿಂದೆ ಮುಂದೆ ಜಾರುತ್ತಿರಲಿಲ್ಲ, ನಿಂತಲ್ಲೇ ನಿಲ್ಲುತ್ತಿತ್ತು. ಅಂಥ ಸೀಟ್ ಕಡಿಮೆ ಬೆಲೆಗೆ ಸಿಕ್ಕರೆ ಯಾಕೆ ಕಡಿಮೆ ಅಂತ ಈಗ ಗೊತ್ತಾಯಿತಲ್ಲ. 1969ರ ಮ್ಯಾಕ್ 1 ಅನ್ನುವ ಮಸ್ಟ್ಯಾಂಗ್‌ಗೆ ಉದ್ದ ಬೆನ್ನಿನ ಬಕೆಟ್ ಬಂತು, 1970ಕ್ಕೆ ಉಳಿದ ಮಸ್ಟ್ಯಾಂಗ್‌ಗಳಿಗೂ ಬಂತು.

ಕ್ರೈಸ್ಲರ್‌ನಲ್ಲಿ 1970ರ ನಂತರ ಕೆಲಸ ಸುಲಭ. ಎ-ಬಾಡಿ ಡಸ್ಟರ್, ಬಿ-ಬಾಡಿ ಚಾರ್ಜರ್ ಮತ್ತು ರೋಡ್ ರನ್ನರ್, ಇ-ಬಾಡಿ ಚಾಲೆಂಜರ್ ಮತ್ತು ಬ್ಯಾರಾಕುಡಾ, ಇವುಗಳಲ್ಲಿ ಉದ್ದ ಬೆನ್ನಿನ ಬಕೆಟ್‌ನ ಫ್ರೇಮ್ ಬಹುಮಟ್ಟಿಗೆ ಒಂದೇ ಜಾತಿ, ಟ್ರ್ಯಾಕ್ ಮತ್ತು ಬ್ರ್ಯಾಕೆಟ್ ಬೇರೆ. ಚಾಲೆಂಜರ್ ಹೆಸರು ಹೇಳಿದ ಕೂಡಲೇ ಮಾರುವವರು ಬೆಲೆ ಏರಿಸುತ್ತಾರೆ, ಅದೇ ಫ್ರೇಮ್ ಸಾಧಾರಣ ಡಾರ್ಟ್‌ನಿಂದ ಬಂದಿದ್ದರೆ ಅಗ್ಗ. ಫ್ರೇಮ್ ಅಷ್ಟೇ ಬೇಕಿದ್ದರೆ ಡಾರ್ಟ್, ಡಸ್ಟರ್ ಕಡೆಗೇ ನೋಡಿ.

ಕಾರ್ವೆಟ್ ಸೀಟ್ ವಿಷಯದಲ್ಲಿ ಆಸೆ ಬಿಡಿ. ಆ ಕಾರಿನ ನೆಲ ಫೈಬರ್‌ಗ್ಲಾಸ್, ಕೂರುವ ಜಾಗ ಕಿರಿದು, ಸೀಟ್ ನೆಲಕ್ಕೆ ಅಂಟಿದ ಹಾಗೆ ಇರುತ್ತದೆ. ಅದನ್ನು ತಂದು ಇಂಪಾಲಾದಂಥ ದೊಡ್ಡ ಕಾರಿಗೆ ಹಾಕಿದರೆ ಸ್ಟೀರಿಂಗ್ ಸಂದಿಯಿಂದ ರೋಡ್ ನೋಡಬೇಕಾಗುತ್ತದೆ.

ಇಷ್ಟೆಲ್ಲ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅಮೆರಿಕದ ಗುಜರಿ ಯಾರ್ಡ್‌ನವರು ಹಲವು ದಶಕಗಳಿಂದ ಹಾಲಂಡರ್ ಇಂಟರ್‌ಚೇಂಜ್ ಅನ್ನುವ ಪಟ್ಟಿ ಬಳಸುತ್ತಾರೆ. ಯಾವ ಭಾಗ ಯಾವ ಯಾವ ಕಾರಿಗೆ ನೇರವಾಗಿ ಹೊಂದುತ್ತದೆ ಅಂತ ಅದರಲ್ಲಿ ನಂಬರ್ ಕೊಟ್ಟಿರುತ್ತಾರೆ. ಆದರೆ ಅದು ನೇರವಾಗಿ ಹೊಂದುವುದನ್ನು ಮಾತ್ರ ಹೇಳುತ್ತದೆ, ಟ್ರ್ಯಾಕ್ ಬದಲಾಯಿಸಿದರೆ ಹೊಂದುವುದನ್ನು ಹೇಳುವುದಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಗುವುದೇ ಇಲ್ಲ ಅಂತ ತಿಳಿಯಬೇಡಿ. ನಿಮ್ಮ ಕಾರಿಗೆ ಫ್ಯಾಕ್ಟರಿಯಿಂದ ಯಾವ ಸೀಟ್ ಬಂದಿತ್ತು ಅನ್ನುವುದು ಕಾರಿನ ತಗಡಿನ ಚೀಟಿಯಲ್ಲೇ ಇದೆ. ಜನರಲ್ ಮೋಟರ್ಸ್ ಕಾರಿಗೆ ಎಂಜಿನ್ ಹಿಂದಿನ ಗೋಡೆಯ ಮೇಲೆ, ಫೋರ್ಡ್‌ಗೆ ಡ್ರೈವರ್ ಬಾಗಿಲಲ್ಲಿ, ಕ್ರೈಸ್ಲರ್‌ಗೆ ಬಾನೆಟ್ ಒಳಗೆ ಫೆಂಡರ್ ಮೇಲೆ. ಅದರಲ್ಲಿ ಟ್ರಿಮ್ ಕೋಡ್ ಹುಡುಕಿ. ಬೆಂಚೋ (ಅಗಲಕ್ಕೂ ಒಂದೇ ಇರುವ ಸೀಟ್) ಬಕೆಟ್ಟೋ, ಯಾವ ಬಣ್ಣ, ಎಲ್ಲ ಅದರಿಂದ ಗೊತ್ತಾಗುತ್ತದೆ.

ಎರಡು ಬಾಗಿಲು, ನಾಲ್ಕು ಬಾಗಿಲು, ಕನ್ವರ್ಟಿಬಲ್

ಮಾಡೆಲ್ ಒಂದೇ, ವರ್ಷ ಒಂದೇ, ಆದರೂ ಸೀಟ್ ಕೂರುವುದಿಲ್ಲ. ಯಾಕೆ? ಬಾಗಿಲು ಎಣಿಸಿ. ಎರಡು ಬಾಗಿಲ ಕಾರಿನಲ್ಲಿ ಹಿಂದೆ ಹತ್ತಲು ಮುಂದಿನ ಬೆನ್ನು ಮಡಚಬೇಕು, ನಾಲ್ಕು ಬಾಗಿಲ ಕಾರಿನಲ್ಲಿ ಅದರ ಅಗತ್ಯ ಇಲ್ಲ. ಹಾಗಾಗಿ 1955–57ರ ಶೆವರ್ಲೆಯ ನಾಲ್ಕು ಬಾಗಿಲ ಸೆಡಾನ್‌ನ ಮುಂದಿನ ಬೆಂಚ್‌ಗೆ ಒಂದೇ ಗಟ್ಟಿ ಬೆನ್ನು, ಎರಡು ಬಾಗಿಲಿನದ್ದಕ್ಕೆ ಎರಡು ಭಾಗ ಮಾಡಿದ ಬೆನ್ನು. ಗಟ್ಟಿ ಬೆನ್ನಿನದ್ದನ್ನು ಎರಡು ಬಾಗಿಲ ಕಾರಿಗೆ ಹಾಕಿದರೆ ಹಿಂದಿನವರು ಕಿಟಕಿಯಿಂದ ಹತ್ತಬೇಕು.

ಹಿಂದಿನ ಸೀಟ್ ಇನ್ನೂ ಹಟಮಾರಿ. ಕನ್ವರ್ಟಿಬಲ್‌ನಲ್ಲಿ ಮಡಚಿದ ಚಾವಣಿಯ ಕಬ್ಬಿಣ ಕೂರಲು ಎರಡೂ ಪಕ್ಕ ಜಾಗ ಬೇಕು, ಹಾಗಾಗಿ ಹಿಂದಿನ ಸೀಟ್ ಕಿರಿದು. ಮಸ್ಟ್ಯಾಂಗ್, ಕ್ಯಾಮರೋ, ಶೆವೆಲ್ ಮೂರರಲ್ಲೂ ಹೀಗೇ. ಚಾವಣಿ ಹಿಂದಿನವರೆಗೂ ಇಳಿಜಾರಾಗಿ ಬರುವ ಮಸ್ಟ್ಯಾಂಗ್ ಫಾಸ್ಟ್‌ಬ್ಯಾಕ್‌ನ ಮಡಚುವ ಹಿಂದಿನ ಸೀಟ್ ಮಾಮೂಲಿ ಕೂಪೆಗೆ ಹೊಂದುವುದಿಲ್ಲ. ಮುಂದಿನ ಸೀಟ್ ಬೇರೆ ಮಾಡೆಲ್‌ನ ಕಾರಿನಿಂದ ತಂದರೂ ನಡೆಯುತ್ತದೆ, ಹಿಂದಿನದ್ದಕ್ಕೆ ಅದೇ ಮಾಡೆಲ್, ಅದೇ ಬಾಡಿ ಶೈಲಿಯೇ ಬೇಕು. ಮುಂದಿನ ಸೀಟ್ ಬೇರೆ ಕಾರಿನದ್ದಾಗಿ ಹಿಂದಿನದ್ದು ಹಳೆಯದೇ ಉಳಿದಿದ್ದರೆ ಕುಶನ್ ಕೆಲಸದವರ ಹತ್ತಿರ ಎರಡಕ್ಕೂ ಒಂದೇ ಬಟ್ಟೆ, ಒಂದೇ ತರ ಹೊಲಿಗೆ ಹಾಕಿಸಿ. ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಬೆಂಚ್ ತೆಗೆದು ಬಕೆಟ್

ಬೆಂಚ್ ಸೀಟ್‌ನ ಭಾರವೆಲ್ಲ ಎರಡು ತುದಿಯಲ್ಲಿ, ಬಾಗಿಲ ಹೊಸ್ತಿಲ ಹತ್ತಿರ. ಬಕೆಟ್‌ಗೆ ಒಂದೊಂದಕ್ಕೂ ಒಳಗಿನ ಕಡೆ, ಅಂದರೆ ಗೇರ್‌ಬಾಕ್ಸ್ ಮೇಲಿನ ಉಬ್ಬಿನ ಪಕ್ಕವೂ ಎರಡು ಕಾಲು ಬೇಕು. ಬೆಂಚ್ ಇದ್ದ ಕಾರಿನ ನೆಲದಲ್ಲಿ ಆ ಒಳಗಿನ ಜಾಗ ಸಿದ್ಧ ಇರುತ್ತದೆಯೇ? ಕಾರ್ಪೆಟ್ ಎತ್ತಿ ನೋಡಬೇಕು, ಬೇರೆ ದಾರಿ ಇಲ್ಲ. ಕೆಲವು ನೆಲದಲ್ಲಿ ಗುರುತು ಒತ್ತಿರುತ್ತಾರೆ, ತೂತು ಕೊರೆದಿರುವುದಿಲ್ಲ. ಕ್ರೈಸ್ಲರ್ ಬಿ-ಬಾಡಿಯಲ್ಲಿ ಬಕೆಟ್ ಕಾರುಗಳಿಗೆ ಒಳಗಿನ ಬ್ರ್ಯಾಕೆಟ್ ವೆಲ್ಡ್ ಮಾಡಿ ಬರುತ್ತಿತ್ತು, ಬೆಂಚ್ ಕಾರುಗಳಿಗೆ ಬರುತ್ತಿರಲಿಲ್ಲ. ಅಂಥಲ್ಲಿ ಆ ಬ್ರ್ಯಾಕೆಟ್ ತಂದು ವೆಲ್ಡ್ ಮಾಡಿಸಲೇಬೇಕು. ಬರೀ ತೆಳು ತಗಡಿಗೆ ತೂತು ಕೊರೆದು ಬೋಲ್ಟ್, ವಾಷರ್ ಹಾಕಿ ಬಿಗಿದು ಬಿಡುವವರಿದ್ದಾರೆ. ಅವರ ಕಾರಿನಲ್ಲಿ ಕೂರಬೇಡಿ.

ಕಾರ್ಪೆಟ್ ಎತ್ತಿದಾಗ ತುಕ್ಕನ್ನೂ ನೋಡಿ. ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರೋಡ್‌ಗೆ ಉಪ್ಪು ಸುರಿಯುತ್ತಾರೆ, ಅಲ್ಲಿ ಓಡಿದ ಕಾರುಗಳ ನೆಲ ಮೇಲಿಂದ ಚೆನ್ನಾಗಿ ಕಂಡರೂ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದರೆ ಒಳಕ್ಕೆ ಹೋಗುತ್ತದೆ. ಹಾಗಿದ್ದರೆ ಸೀಟ್ ಮಾತು ಬದಿಗಿಡಿ. ಮೊದಲು ನೆಲದ ತಗಡು ಬದಲಾಗಬೇಕು.

ಅಳತೆ

ಸೀಟ್ ಕೊಳ್ಳುವ ಮೊದಲು ನಿಮ್ಮ ಕಾರಿನಲ್ಲಿ ಐದು ಅಳತೆ ಬರೆದುಕೊಳ್ಳಿ. ಬಾಗಿಲ ಹೊಸ್ತಿಲಿಂದ ನಡುವಿನ ಉಬ್ಬಿನವರೆಗೆ ಅಗಲ, ಇದು ಸೀಟ್‌ನ ಅತಿ ಅಗಲದ ಜಾಗಕ್ಕೆ ಸಾಕಾಗಬೇಕು, ಪಕ್ಕದಲ್ಲಿ ಒರಗಿಸುವ ಹಿಡಿ ಇದ್ದರೆ ಅದನ್ನೂ ಸೇರಿಸಿ. ಮುಂದಿನ ಎರಡು ತೂತಿನ ನಡುವಿನ ದೂರ. ಹಿಂದಿನ ಎರಡು ತೂತಿನ ನಡುವಿನ ದೂರ, ಇವೆರಡೂ ಒಂದೇ ಇರುತ್ತವೆ ಅಂತ ಅಂದುಕೊಳ್ಳಬೇಡಿ. ಮುಂದಿನ ತೂತಿಂದ ಹಿಂದಿನ ತೂತಿಗೆ ದೂರ. ಕೊನೆಯದು, ಮುಂದಿನ ಜಾಗ ಹಿಂದಿನದಕ್ಕಿಂತ ಎಷ್ಟು ಎತ್ತರ ಅನ್ನುವುದು. ಜನ ಮರೆಯುವುದು ಈ ಕೊನೆಯದನ್ನೇ. ಹಳೆ ಕಾರಿನ ನೆಲ ಚಪ್ಪಟೆ ಅಲ್ಲ, ಸೀಟಿನ ಇಳಿಜಾರು ಬರುವುದು ಅರ್ಧ ನೆಲದಿಂದ, ಅರ್ಧ ಟ್ರ್ಯಾಕ್ ಕಾಲಿನಿಂದ. ಬೇರೆ ಸೀಟ್‌ಗೆ ಆ ಲೆಕ್ಕ ಬೇರೆ ಇದ್ದರೆ ಮುಂದಕ್ಕೆ ಜಾರುವ ಹಾಗೆ ಕೂರಬೇಕಾಗುತ್ತದೆ, ಅರ್ಧ ಗಂಟೆಯಲ್ಲಿ ತೊಡೆ ನೋವು.

ಒಂದು ರಟ್ಟಿನ ಮೇಲೆ ನಿಮ್ಮ ನೆಲದ ತೂತುಗಳ ನಕ್ಷೆ ಕತ್ತರಿಸಿಕೊಂಡು ಯಾರ್ಡ್‌ಗೆ ಹೋಗಿ. ಸೀಟ್ ಮಗುಚಿ ಅದರ ಮೇಲೆ ರಟ್ಟಿಟ್ಟರೆ ಅಲ್ಲೇ ಉತ್ತರ ಸಿಗುತ್ತದೆ, ಟೇಪ್ ಹಿಡಿದು ಲೆಕ್ಕ ಹಾಕುತ್ತಾ ನಿಲ್ಲಬೇಕಿಲ್ಲ.

ಎತ್ತರವನ್ನು ಖಾಲಿ ಸೀಟ್‌ನಲ್ಲಿ ಅಳೆಯಬೇಡಿ. ಹಳೆ ಸೀಟ್‌ನ ಒಳಗೆ ಸ್ಪ್ರಿಂಗ್ ಇರುತ್ತದೆ, ನೀವು ಕೂತರೆ ಚೆನ್ನಾಗಿ ತಗ್ಗುತ್ತದೆ. ಹೊಸ ಕಾಲದ ಸೀಟ್ ಗಟ್ಟಿ ಫೋಮ್, ಅಷ್ಟು ತಗ್ಗುವುದಿಲ್ಲ. ಖಾಲಿ ಇದ್ದಾಗ ಎರಡೂ ಒಂದೇ ಎತ್ತರ ಕಂಡರೂ ಕೂತ ಮೇಲೆ ಹೊಸದರಲ್ಲಿ ತಲೆ ಚಾವಣಿಗೆ ತಾಗಬಹುದು. ಮರದ ತುಂಡುಗಳ ಮೇಲೆ ಸೀಟ್ ಇಟ್ಟು, ಕೂತು, ಬಾಗಿಲು ಹಾಕಿ, ಕ್ಲಚ್ ಪೂರ್ತಿ ಒತ್ತಿ, ಸ್ಟೀರಿಂಗ್ ತಿರುಗಿಸಿ ನೋಡಿ. ತೊಡೆಗೂ ಸ್ಟೀರಿಂಗ್‌ಗೂ ನಡುವೆ ಕೈ ಆಡಬೇಕು. ಎಂಜಿನ್ ಆಫ್ ಇರಲಿ, ಕಾರ್ ನಿಂತಲ್ಲೇ ಇರಲಿ, ಬೋಲ್ಟ್ ಇಲ್ಲದ ಸೀಟ್ ಮೇಲೆ ಗ್ಯಾರೇಜ್ ಸುತ್ತ ಒಂದು ರೌಂಡ್ ಕೂಡ ಬೇಡ.

ಹೊಸ ಕಾಲದ ಸೀಟ್ ಹಾಕುವವರಿಗೆ

ಬಹಳ ಜನ ಹಳೆಯದಕ್ಕೆ ಹಳೆಯದು ಹುಡುಕುವುದನ್ನೇ ಬಿಟ್ಟು ಹೊಸ ಸೀಟ್ ಹಾಕುತ್ತಾರೆ. ಸೊಂಟಕ್ಕೆ ಆಧಾರ ಇರುತ್ತದೆ, ಒರಗಬಹುದು, ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಹಳೆ ಮಸ್ಟ್ಯಾಂಗ್‌ಗೆ 1979ರಿಂದ 2004ರ ಮಸ್ಟ್ಯಾಂಗ್‌ಗಳ ಸೀಟ್ ಹಾಕುವುದು ರೂಢಿ. ಕಿರಿದಾದ ಜಾಗಕ್ಕೆ 1984–88ರ ಪಾಂಟಿಯಾಕ್ ಫಿಯೆರೊ ಸೀಟ್ ಒಳ್ಳೆಯದು, ಕೆಲವದರ ಹೆಡ್‌ರೆಸ್ಟ್‌ನಲ್ಲೇ ಸ್ಪೀಕರ್ ಇರುತ್ತಿತ್ತು, ಅದನ್ನು ಇನ್ನೂ ಹಾಡಿಸುವವರು ಇದ್ದಾರೆ!

ಕರೆಂಟ್‌ನಲ್ಲಿ ಓಡುವ ಸೀಟ್ ಆದರೆ ಎರಡು ವಿಷಯ. ಮೋಟರ್ ಮತ್ತು ಗೇರ್ ಸೇರಿ ಸೀಟ್ ಎತ್ತರ ಆಗುತ್ತದೆ, ಅದನ್ನು ತೆಗೆದು ಅದೇ ಸೀಟ್‌ನ ಕೈಯಿಂದ ಜಾರಿಸುವ ಟ್ರ್ಯಾಕ್ ಹಾಕಿದರೆ ಎಷ್ಟೋ ಕಡೆ ಸಮಸ್ಯೆ ಮುಗಿಯುತ್ತದೆ. ಇನ್ನೊಂದು, ನಿಮ್ಮ ಕಾರಿನ ಬ್ಯಾಟರಿ ನೋಡಿ. ಶೆವರ್ಲೆ 1955ಕ್ಕೆ, ಫೋರ್ಡ್ 1956ಕ್ಕೆ 12 ವೋಲ್ಟ್‌ಗೆ ಬಂದವು. ಅದಕ್ಕೆ ಮೊದಲಿನವು 6 ವೋಲ್ಟ್, ಹೊಸ ಸೀಟಿನ ಮೋಟರ್ ಅದರಲ್ಲಿ ಸರಿಯಾಗಿ ಓಡುವುದಿಲ್ಲ.

ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಸೀಟ್ ಮುಟ್ಟಬೇಡಿ ಅಂತಲೇ ನನ್ನ ಸಲಹೆ. ಹಳದಿ ಕನೆಕ್ಟರ್ ಕಂಡರೆ ಅದೇ. ಅದಕ್ಕೆ ಮೀಟರ್ ಹಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ, ಆ ಸಣ್ಣ ಕರೆಂಟ್‌ಗೇ ಅದು ಸಿಡಿಯಬಹುದು. ಹಳೆ ಕಾರಿನಲ್ಲಿ ಅದನ್ನು ನಡೆಸುವ ಕಂಪ್ಯೂಟರ್ ಇಲ್ಲ, ಇಟ್ಟುಕೊಂಡೂ ಪ್ರಯೋಜನ ಇಲ್ಲ. ಏರ್‌ಬ್ಯಾಗ್ ಇಲ್ಲದ ವರ್ಷದ್ದನ್ನೇ ಆರಿಸಿ.

ಬೆಲ್ಟ್ ಸೀಟ್‌ಗೇ ಜೋಡಿಸಿದ ಸೀಟ್‌ಗಳೂ ಇವೆ. 1996–2000ರ ಕ್ರೈಸ್ಲರ್ ಸೆಬ್ರಿಂಗ್ ಕನ್ವರ್ಟಿಬಲ್, 1999ರ ನಂತರದ ಹಲವು ಶೆವರ್ಲೆ ಸಿಲ್ವರಾಡೊ ಪಿಕಪ್‌ಗಳಲ್ಲಿ ಸಿಗುತ್ತವೆ. ಭುಜದ ಬೆಲ್ಟ್ ಇಲ್ಲದ 1950ರ ದಶಕದ ಕಾರಿಗೆ ಇದು ಸುಲಭ ದಾರಿ ಅಂತ ಜನ ಹಾಕುತ್ತಾರೆ. ಇದು ನನಗೆ ಅಷ್ಟಾಗಿ ಇಷ್ಟ ಇಲ್ಲ, ಯಾಕೆ ಅಂತ ಲೆಕ್ಕ ನೋಡಿ. ಅಮೆರಿಕದ ನಿಯಮದ ಪ್ರಕಾರ ಸೀಟ್‌ನ ಜೋಡಣೆ ಆ ಸೀಟ್‌ನ ತೂಕದ 20 ಪಟ್ಟು ಎಳೆತ ತಡೆಯಬೇಕು. 40 ಪೌಂಡ್‌ನ ಸಾಧಾರಣ ಬಕೆಟ್‌ಗೆ 800 ಪೌಂಡ್. ಅದರಲ್ಲಿ ಬೆಲ್ಟ್‌ನ ಭಾರ ಸೇರಿಲ್ಲ, ಬೆಲ್ಟ್ ಬೇರೆ ಕಡೆ ನೆಲಕ್ಕೆ, ಬಾಗಿಲ ಪಕ್ಕದ ಕಂಬಕ್ಕೆ ಜೋಡಿಸಿರುತ್ತದೆ. ಬೆಲ್ಟ್ ಸೀಟ್‌ನಲ್ಲೇ ಇದ್ದರೆ ಸೊಂಟದ ಭಾಗಕ್ಕೆ 3000, ಭುಜದ ಭಾಗಕ್ಕೆ 3000 ಪೌಂಡ್ ಎಳೆತವೂ ಅದೇ ನಾಲ್ಕು ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಅಂದರೆ ಎರಡೂವರೆ ಟನ್‌ಗಿಂತ ಜಾಸ್ತಿ, ಅದರ ಮೇಲೆ ಸೀಟ್‌ನ ತೂಕದ ಲೆಕ್ಕ. 1950ರ ದಶಕದ ನೆಲದ ತಗಡು ಇದಕ್ಕಾಗಿ ಮಾಡಿದ್ದಲ್ಲ. ಹಾಕಲೇಬೇಕು ಅಂದರೆ ನೆಲದ ಅಡಿಯಲ್ಲಿ ಅಡ್ಡ ಉಕ್ಕಿನ ತೊಲೆ ಹಾಕಿ ಅದನ್ನು ಕಾರಿನ ಫ್ರೇಮ್‌ಗೆ ಸೇರಿಸುವ ಒಳ್ಳೆ ವೆಲ್ಡರ್ ಬೇಕು.

ಬೆಲ್ಟ್ ಮತ್ತು ಬೋಲ್ಟ್

ಬೇರೆ ಸೀಟ್ ಹಾಕಿದ ಮೇಲೆ ಹಳೆ ಬೆಲ್ಟ್ ಸರಿಯಾಗಿ ಬರುತ್ತದೆಯೇ ನೋಡಿ. ಸೊಂಟದ ಬೆಲ್ಟ್ ಹೊಟ್ಟೆ ಮೇಲೆ ಬರಬಾರದು, ತೊಡೆ ಸಂದಿನ ಮೂಳೆ ಮೇಲೆ ಕೂರಬೇಕು. ಸೀಟ್ ಎತ್ತರ ಆದಷ್ಟೂ ಬೆಲ್ಟ್‌ನ ಕೋನ ಬದಲಾಗುತ್ತದೆ. ಮುಂದಿನ ಸೀಟ್‌ಗೆ ಸೊಂಟದ ಬೆಲ್ಟ್ 1964ರ ಮಾಡೆಲ್‌ನಿಂದ ಹೆಚ್ಚಿನ ಅಮೆರಿಕನ್ ಕಾರುಗಳಲ್ಲಿ ಮಾಮೂಲಾಗಿ ಬಂತು, ಭುಜದ ಬೆಲ್ಟ್ 1968ರ ಜನವರಿ 1ರಿಂದ ಕಡ್ಡಾಯ ಆಯಿತು, ಕನ್ವರ್ಟಿಬಲ್ ಬಿಟ್ಟು. ನಿಮ್ಮದು ಅದಕ್ಕಿಂತ ಹಳೆಯದಾದರೆ ಬೆಲ್ಟ್‌ಗೆ ಜಾಗವೇ ಇಲ್ಲದಿರಬಹುದು. ಸೀಟ್ ಹೊರಗಿರುವಾಗಲೇ ಆ ಕೆಲಸ ಮುಗಿಸಿ. ಬೆಲ್ಟ್ ಬೋಲ್ಟ್‌ನ ಅಳತೆ 7/16-20, ಅಂದರೆ 7/16 ಇಂಚು ದಪ್ಪ, ಇಂಚಿಗೆ 20 ದಾರ, ಇದೇ ದಾರದ ನಟ್ ವೆಲ್ಡ್ ಮಾಡಿದ ದಪ್ಪ ಉಕ್ಕಿನ ಪ್ಲೇಟ್‌ಗಳು ಅಂಗಡಿಯಲ್ಲಿ ಸಿಗುತ್ತವೆ, ಅವು ನೆಲದ ಅಡಿಯಲ್ಲಿ ಇರಬೇಕು.

ಸೀಟ್‌ಗೆ ಹೊಸ ತೂತು ಕೊರೆಯುವುದಾದರೆ ಮೊದಲು ಕಾರಿನ ಅಡಿಗೆ ಹೋಗಿ ನೋಡಿ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ಅಲ್ಲೇ ಹಾದು ಹೋಗುತ್ತವೆ. ಮೇಲಿಂದ ಡ್ರಿಲ್ ಒತ್ತಿ, ಕೆಳಗೆ ಪೆಟ್ರೋಲ್ ವಾಸನೆ ಬಂದ ಮೇಲೆ ಗೊತ್ತಾಗುವುದು ಬೇಡ. ಹೊಸ ತೂತಿನ ಕೆಳಗೆ 3 ಇಂಚು ಚೌಕದ, 1/8 ಇಂಚು ದಪ್ಪದ ಉಕ್ಕಿನ ಪ್ಲೇಟ್ ಇಡಿ, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಇಲ್ಲವಾದರೆ ಚೂಪು ಮೂಲೆಯೇ ತಗಡನ್ನು ಹರಿಯುತ್ತದೆ. ಬೋಲ್ಟ್ ಗ್ರೇಡ್ 8 ಇರಲಿ, ತಲೆಯ ಮೇಲೆ ಆರು ಗೆರೆ ಇರುತ್ತದೆ. ಮೂರು ಗೆರೆ ಇದ್ದರೆ ಗ್ರೇಡ್ 5, ಗೆರೆಯೇ ಇಲ್ಲದ್ದನ್ನು ಬಾಗಿಲಿಗೆ ಚಿಲಕ ಹಾಕಲು ಇಟ್ಟುಕೊಳ್ಳಿ. ಮೆಟ್ರಿಕ್ ಬೋಲ್ಟ್ ಆದರೆ ಅದರ ಮೇಲೆ 10.9 ಅಂತ ಇರಲಿ. ಎತ್ತರ ಹೊಂದಿಸಲು ವಾಷರ್ ಮೇಲೆ ವಾಷರ್ ಪೇರಿಸಬೇಡಿ, 3/16 ಇಂಚಿನ ಉಕ್ಕಿನ ಬ್ರ್ಯಾಕೆಟ್ ಮಾಡಿಸಿ.

ಕೂರಿಸುವ ಕ್ರಮ ಮುಖ್ಯ. ಟ್ರ್ಯಾಕ್ ಬಿಚ್ಚಿ, ಹಳೆ ಗ್ರೀಸ್ ಒರೆಸಿ, ಹೊಸದು ಹಚ್ಚಿ. ಎಡ ಬಲ ಎರಡೂ ಟ್ರ್ಯಾಕ್ ಒಂದೇ ಹಲ್ಲಿನಲ್ಲಿ ಲಾಕ್ ಆಗಿವೆಯೇ ನೋಡಿ ಆಮೇಲೆ ಸೀಟ್‌ಗೆ ಜೋಡಿಸಿ, ಒಂದು ಹಲ್ಲು ಹಿಂದೆ ಮುಂದೆ ಆದರೂ ಸೀಟ್ ಸೊಟ್ಟ ನಿಲ್ಲುತ್ತದೆ. ನಾಲ್ಕೂ ಬೋಲ್ಟ್ ಬೆರಳಲ್ಲಿ ಹಾಕಿ, ಬಿಗಿಯಬೇಡಿ. ಸೀಟನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಜಾರಿಸಿ. ಟ್ರ್ಯಾಕ್‌ಗಳು ತಾವಾಗಿ ಒಂದಕ್ಕೊಂದು ಸಮ ಆಗುತ್ತವೆ. ಆಮೇಲೆ ಬಿಗಿಯಿರಿ. ಮೊದಲೇ ಬಿಗಿದರೆ ಟ್ರ್ಯಾಕ್ ಕಚ್ಚಿಕೊಂಡು ಜಾರುವುದೇ ಇಲ್ಲ, ಆಮೇಲೆ ಸೀಟ್ ಸರಿ ಇಲ್ಲ ಅಂತ ಮಾರಿದವನನ್ನು ಬೈಯುತ್ತೀರಿ. ಬಿಗಿದ ಮೇಲೆ ಬೆನ್ನು ಹಿಡಿದು ಜೋರಾಗಿ ಅಲ್ಲಾಡಿಸಿ, ಕಟಕಟ ಸದ್ದು ಬರಬಾರದು. ಒಂದೆರಡು ವಾರ ಓಡಿಸಿದ ಮೇಲೆ ಎಲ್ಲ ಬೋಲ್ಟ್‌ಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.

ಕವರ್

ಕವರ್ ತರಿಸುವಾಗ ಅಂಗಡಿಯವರು ನಿಮ್ಮ ಕಾರ್ ಯಾವುದು ಅಂತ ಕೇಳುತ್ತಾರೆ. ನಿಮ್ಮ ಸೀಟ್ ಯಾವ ಕಾರಿನದ್ದೋ ಆ ಕಾರಿನ ಹೆಸರು, ವರ್ಷ ಹೇಳಿ. 1967ರ ಕಾರಿನಲ್ಲಿ 1969ರ ಕ್ಯಾಮರೋ ಸೀಟ್ ಇದ್ದರೆ 1969ರ ಕ್ಯಾಮರೋ ಕವರ್. ಇದರಿಂದ ಒಂದು ಲಾಭವೂ ಇದೆ: ಕ್ಯಾಮರೋ, ಮಸ್ಟ್ಯಾಂಗ್ ಸೀಟ್‌ಗೆ ಹೊಸ ಕವರ್, ಫೋಮ್ ಎಲ್ಲ ತಯಾರಾಗಿ ಸಿಗುತ್ತದೆ, ಅಷ್ಟು ಓಡದ ಮಾಡೆಲ್‌ಗೆ ಸಿಗುವುದಿಲ್ಲ. 1968, 1969ರ ಕ್ಯಾಮರೋದ ಕಪ್ಪು ಬಿಳುಪು ಚೌಕಳಿಯ ಹೌಂಡ್ಸ್‌ಟೂತ್ ಬಟ್ಟೆ ಈಗಲೂ ಸುಲಭವಾಗಿ ಸಿಗುತ್ತದೆ.

ಬಟ್ಟೆ ನೀವೇ ಆರಿಸುವುದಾದರೆ ಸೋಫಾ ಬಟ್ಟೆ ಹಾಕಬೇಡಿ. ಕಾರಿನ ಒಳಗಿನ ಬಟ್ಟೆ ನಿಮಿಷಕ್ಕೆ ಸುಮಾರು 4 ಇಂಚಿಗಿಂತ ವೇಗವಾಗಿ ಉರಿಯಬಾರದು ಅನ್ನುವ ನಿಯಮ 1972ರ ಸೆಪ್ಟೆಂಬರ್‌ನಿಂದ ಇದೆ. ಎಎಂಸಿ (ಅಮೆರಿಕನ್ ಮೋಟರ್ಸ್) ಕಂಪನಿಯವರು 1973ರ ಗ್ರೆಮ್ಲಿನ್ ಕಾರಿಗೆ ಲೀವೈಸ್ ಹೆಸರಲ್ಲಿ ಜೀನ್ಸ್ ಸೀಟ್ ಕೊಟ್ಟರಲ್ಲ, ತಾಮ್ರದ ರಿವೆಟ್, ಕಿತ್ತಳೆ ಹೊಲಿಗೆ ಎಲ್ಲ ಇತ್ತು, ಆದರೆ ಬಟ್ಟೆ ಜೀನ್ಸ್ ಅಲ್ಲ, ಜೀನ್ಸ್ ತರ ಕಾಣುವ ನೈಲಾನ್. ಬೆಂಕಿಯ ನಿಯಮವೇ ಕಾರಣ. ಕವರ್ ಹಿಡಿದಿಡುವುದು ಹಾಗ್ ರಿಂಗ್ ಅನ್ನುವ ಸಣ್ಣ ತಂತಿ ಬಳೆಗಳು, ಅದಕ್ಕೇ ಅಂತ ಬರುವ ಇಕ್ಕಳ ತಗೊಳ್ಳಿ. ಹಳೆ ಕವರ್ ಕೀಳುವಾಗ ಅದರ ಒಳಗಿನ ಉದ್ದ ತಂತಿಗಳನ್ನು ಎಸೆಯಬೇಡಿ, ಹೊಸ ಕವರ್‌ಗೆ ಅವೇ ಬೇಕು. ಹೊಸ ಕವರ್ ಬಿಸಿಲಲ್ಲಿ ಒಂದು ಗಂಟೆ ಇಟ್ಟರೆ ಮೆತ್ತಗಾಗಿ ಎಳೆದ ಹಾಗೆ ಬರುತ್ತದೆ.

ನಮ್ಮ ಕಡೆ ಇರುವ ಅಮೆರಿಕನ್ ಕಾರುಗಳಿಗೆ

ಕರ್ನಾಟಕದಲ್ಲಿ ಹಳೆ ಮನೆಗಳಲ್ಲಿ ಉಳಿದಿರುವ ಅಮೆರಿಕನ್ ಕಾರುಗಳು ಹೆಚ್ಚಾಗಿ 1940, 50ರ ದಶಕದವು. ಎಲ್ಲ ಬೆಂಚ್ ಸೀಟ್. ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಹೆಸರು ಹಾಕಿ ಅಮೆರಿಕದಲ್ಲಿ ಸೀಟ್ ಹುಡುಕಿದರೆ ಏನೂ ಸಿಗುವುದಿಲ್ಲ, ಅವು ಹೊರದೇಶಕ್ಕೆ ಕೊಟ್ಟ ಹೆಸರು. ಒಳಗೆ ಅವು ಪ್ಲೈಮೌತ್. ಅದೇ ವರ್ಷದ, ಅಷ್ಟೇ ಬಾಗಿಲಿನ ಪ್ಲೈಮೌತ್ ಅಂತ ಹುಡುಕಿ. ಒಂದು ವ್ಯತ್ಯಾಸ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು: ನಮ್ಮವು ಬಲಗಡೆ ಸ್ಟೀರಿಂಗ್, ಬೆಂಚ್ ಜಾರಿಸುವ ಹಿಡಿ ಡ್ರೈವರ್ ಬಾಗಿಲ ಕಡೆ ಇರುತ್ತದೆ. ಅಮೆರಿಕದಿಂದ ತರಿಸಿದ ಟ್ರ್ಯಾಕ್‌ನಲ್ಲಿ ಅದು ಎಡಗಡೆ. ಹಾಗಾಗಿ ಇಡೀ ಸೀಟ್ ಹಡಗಿನಲ್ಲಿ ತರಿಸುವುದಕ್ಕಿಂತ ನಿಮ್ಮದೇ ಟ್ರ್ಯಾಕ್, ನಿಮ್ಮದೇ ಫ್ರೇಮ್ ಉಳಿಸಿಕೊಂಡು ಸ್ಪ್ರಿಂಗ್ ರಿಪೇರಿ, ಹೊಸ ಫೋಮ್, ಹೊಸ ಕವರ್ ಊರಲ್ಲೇ ಮಾಡಿಸುವುದು ಅಗ್ಗ. ತೆಂಗಿನ ನಾರು ತುಂಬಿ ಕುಶನ್ ಮಾಡುವವರು ಇನ್ನೂ ಇದ್ದಾರೆ, ಆ ಕಾಲದ ಸೀಟ್‌ಗೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ತೆಗೆದ ಹಳೆ ಸೀಟ್‌ಗಳನ್ನು ಮಾರಬೇಡಿ, ಟ್ರ್ಯಾಕ್‌ಗಳನ್ನಂತೂ ಮಾರಲೇಬೇಡಿ. ಮುಂದೆ ಕಾರ್ ಕೊಳ್ಳುವವರು ಒರಿಜಿನಲ್ ಸೀಟ್ ಇದೆಯಾ ಅಂತ ಕೇಳುವುದು ಖಂಡಿತ. ಬೋಲ್ಟ್‌ಗಳನ್ನು ಒಂದು ಚೀಲಕ್ಕೆ ಹಾಕಿ ಟ್ರ್ಯಾಕ್‌ಗೇ ಕಟ್ಟಿ, ಎಡ ಬಲ ಅಂತ ಬರೆದು, ಸೀಟ್ ಮೇಲೆ ಹಳೆ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ತೇವ ನಿಂತು ಫ್ರೇಮ್ ತುಕ್ಕು ಹಿಡಿಯುತ್ತದೆ. ಇಲಿ ಬರುವ ಜಾಗದಲ್ಲಿ ಇಡಬೇಡಿ, ಹಳೆ ಸೀಟ್‌ನ ಒಳಗಿನ ಹತ್ತಿ ಅವುಕ್ಕೆ ಬಹಳ ಇಷ್ಟ.